ನಿಧಾನಪ್ಪನವರ ಮಾತಾಡುವ ಗೋಡೆ

"ಅರಮನೆ ಒಳಗೆ ಹೋದ ತಕ್ಷಣ ದೊಡ್ಡ ಅಂಗಳ. ಅಂಗಳ ಅಂದ್ರೆ ನಮ್ಮನೆ ಹಿತ್ತಲು ಅಂದ್ಕೋಬೇಡಿ, ನಮ್ಮ ಬಸ್ಸನ್ನ ಒಂದೇ ಏಟಿಗೆ ತಿರುಗಿಸಿದ್ರೂ ಇನ್ನೂ ಜಾಗ ಮಿಗುತ್ತೆ. ಛಾವಣಿ ಯಾವತ್ತೋ ಬಿದ್ದೋಯ್ತು. ಒಂದು ಗೋಡೆ ಮಾತ್ರ ನಿಂತಿದೆ ನೋಡಿ, ಬಿಲ್ಲಿನ ಥರ ಬಾಗಿಕೊಂಡು. ಈ ತುದಿಗೆ ನೀನು ಕಿವಿ ಇಟ್ಟು ನಿಲ್ಲು, ಆ ತುದಿಲಿ ನಾನು ಪಿಸುಗುಡ್ತೀನಿ. ನಡುವೆ ನಿಂತವರಿಗೆ ಒಂದಕ್ಷರ ಕೇಳ್ಸಲ್ಲ, ನಿನಗೆ ಮಾತ್ರ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಇರುತ್ತೆ. ರಾಜ ರಾಣಿ ಜಗಳ ಆಡಿದ ದಿನ ಹೀಗೇ ರಾಜಿ ಆಗ್ತಿದ್ರಂತೆ. ರಾಜ ಅಲ್ವಾ, ಎದುರಿಗೆ ನಿಂತು ತಪ್ಪಾಯ್ತು ಅನ್ನೋಕೆ ಬಿಗುಮಾನ. ಗೋಡೆಗಾದ್ರೆ ಯಾರು ಬೇಕಾದ್ರೂ ಹೇಳಬಹುದು."

ಪ್ರವಾಸಿಗರ ಬಸ್ಸು ಓಡಿಸುತ್ತಿದ್ದ ನಿಧಾನಪ್ಪನವರು ಟ್ರಿಪ್ಪು ಮುಗಿಸಿ ಬಂದ ಸಂಜೆ ಹೀಗೆ ಹೇಳುತ್ತಿದ್ದರು. ನಿಧಾನಪ್ಪ ಅನ್ನುವುದು ಜೊತೆಯ ಚಾಲಕರು ಇಟ್ಟ ಹೆಸರು. ಯಾರು ಎಷ್ಟು ಹಾರನ್ ಹೊಡೆದರೂ ಅವರು ಬಸ್ಸನ್ನು ತಮ್ಮ ಪಾಡಿಗೆ ತಾವು ಬಿಡುವವರು. ಮನೆಗೆ ಬಂದು ಕಾಲು ತೊಳೆದು ಕೂತರೆ, ಮಗಳು ತೊಡೆ ಏರುತ್ತಿದ್ದಳು. ಹೆಂಡತಿ ಒಲೆ ಸಣ್ಣ ಮಾಡಿ ಬಂದು ಬಾಗಿಲಿಗೆ ಒರಗುತ್ತಿದ್ದರು. ಆಮೇಲೆ ಕೋಟೆ, ಅರಮನೆ, ಪಾಳು ಬಿದ್ದ ಊರು ಎಲ್ಲ ಆ ಪುಟ್ಟ ಕೋಣೆಯೊಳಗೆ ಎದ್ದು ನಿಲ್ಲುತ್ತಿದ್ದವು.

ಅದರಲ್ಲಿ ಒಂದನ್ನೂ ನಿಧಾನಪ್ಪನವರು ಕಣ್ಣಾರೆ ಕಂಡಿರಲಿಲ್ಲ.

ಜನರನ್ನು ಇಳಿಸಿ, ಅವರ ಸಾಮಾನಿಗೆ ಕಾವಲಿರುವುದು ಚಾಲಕನ ಕೆಲಸ. ಇಡೀ ಹಾದಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸಿದವರಿಗೆ ಹಿಂದಿನ ಉದ್ದ ಸೀಟು ಕಂಡರೆ ಸಾಕು, ರಾಜನೂ ಬೇಡ, ರಾಣಿಯೂ ಬೇಡ. ಮಗಳು ಮೊದಲ ಸಲ, "ಅಪ್ಪಾ, ಒಳಗೆ ಏನಿತ್ತು?" ಎಂದು ಕೇಳಿದಾಗ, ಮಲಗಿಬಿಟ್ಟೆ ಅನ್ನಲು ಮನಸ್ಸಾಗಲಿಲ್ಲ. ಕೈಬೀಸಿಕೊಂಡು ಮನೆಗೆ ಬಂದ ಹಾಗಾಗುತ್ತಿತ್ತು. ವಾಪಸು ಬರುವಾಗ ಜನ ತಮ್ಮ ತಮ್ಮಲ್ಲಿ ಆಡಿಕೊಂಡ ಮಾತಿಗೆ ಉಪ್ಪು ಖಾರ ಹಚ್ಚಿ ಹೇಳಿದರು. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಅಲ್ಲಿಂದ ಅದೇ ರೂಢಿಯಾಯಿತು. ಆಮೇಲೆ ಒಳಗೆ ಹೋಗಲು ಪುರುಸೊತ್ತು ಸಿಕ್ಕಿದ್ದೂ ಉಂಟು. ಆದರೆ ಮನೆಯಲ್ಲಿ ಕಟ್ಟಿ ನಿಲ್ಲಿಸಿದ್ದು ಅಲ್ಲಿ ಇಲ್ಲದಿದ್ದರೆ? ಕಾಲೇ ಏಳುತ್ತಿರಲಿಲ್ಲ.

ಈಗ ಕೆಲಸ ಬಿಟ್ಟು ಕೂತಿದ್ದಾರೆ. ಮಗಳು ಔಷಧಿ ಅಂಗಡಿಯಲ್ಲಿ ದುಡಿಯುತ್ತಾಳೆ, ಕಾರು ಓಡಿಸುತ್ತಾಳೆ. ಒಂದು ಸಂಜೆ ಬಂದವಳೇ, "ಎರಡು ದಿನ ರಜಾ ಸಿಕ್ಕಿದೆ. ಒಂದು ಹಳೇ ಊರು, ಒಂದು ಪಾಳು ಅರಮನೆ, ಅಷ್ಟು ಆಗುತ್ತೆ. ಅಪ್ಪಾ, ಎಲ್ಲ ನೋಡಿದವನು ನೀನು. ನೀನೇ ಆರಿಸು" ಅಂದಳು.

ನಿಧಾನಪ್ಪನವರು ಪಂಚೆ ಸರಿಮಾಡಿಕೊಂಡು ಕೂತರು.

"ಆ ಬೆಟ್ಟದ ಮೇಲಿನ ಊರು?" ಮಗಳು ಕೇಳಿದಳು.

"ಬೇಡ ಕಣಮ್ಮ. ಬರೀ ತಿರುವು. ಮೇಲೆ ಗಾಡಿ ತಿರುಗಿಸೋಕೆ ಜಾಗ ಇಲ್ಲ."

"ನೇಕಾರರ ಬೀದಿ ಇರೋದು?"

"ನೆರಳೇ ಇಲ್ಲ. ಇರೋದೊಂದು ಮರ, ಅದರ ಕೆಳಗೆ ಯಾವಾಗ ನೋಡಿದ್ರೂ ಯಾರದೋ ವ್ಯಾನು."

"ಹೊಳೆ ದಂಡೆ ಕೋಟೆ ಊರು?"

"ನಲ್ಲೀಲಿ ನೀರು ಬರಲ್ಲ."

ಮಗಳು ನಕ್ಕುಬಿಟ್ಟಳು. "ಊರು ಹೇಗಿದೆ ಅಂದ್ರೆ ಗಾಡಿ ನಿಲ್ಲಿಸೋ ಜಾಗ ಹೇಗಿದೆ ಅಂತೀಯಲ್ಲಪ್ಪಾ!"

ಕೊನೆಗೆ ಅವಳು ಹೇಳಿದ ಕಲ್ಲು ಬಾವಿಯ ಊರನ್ನು ನಿಧಾನಪ್ಪನವರು ಒಪ್ಪಿಕೊಂಡರು. ಅದರ ಬಗ್ಗೆ ಹೆಚ್ಚು ಬಾಯಿ ಬಿಟ್ಟಿರಲಿಲ್ಲ. ಬಾವಿ ಇದೆ ಅಂದಿದ್ದರು, ಅಷ್ಟೆ. ಬಾವಿ ಇಲ್ಲದ ಊರು ಎಲ್ಲಿದ್ದೀತು?

ಬಟ್ಟೆ ಮಡಿಸುತ್ತಿದ್ದ ಹೆಂಡತಿ ಆಗ ತಲೆ ಎತ್ತಿದರು. "ಅರಮನೆ ನಾನು ಆರಿಸ್ತೀನಿ. ನನಗೆ ಆ ಮಾತಾಡೋ ಗೋಡೆ ತೋರಿಸ್ರೀ."

"ಅದು... ಬಿದ್ದುಹೋಯ್ತಂತೆ ಕಣೆ."

"ಯಾವಾಗ?"

"ಹೋದ ವರ್ಷ. ಗಾಳಿಗೆ."

"ರಾಜನ ಕಾಲದಿಂದ ನಿಂತದ್ದು ಒಂದು ಗಾಳಿಗೇನ್ರೀ? ಹೋಗ್ಲಿ, ಬಿದ್ದ ಕಲ್ಲಾದ್ರೂ ನೋಡ್ಕೊಂಡು ಬರೋಣ."

ಹೊರಡುವುದು ನಿಶ್ಚಯವಾಯಿತು. ಆ ವಾರವೆಲ್ಲ ನಿಧಾನಪ್ಪನವರಿಗೆ ಊಟ ಸೇರಲಿಲ್ಲ. ಊರೂರು ಸುತ್ತಿದ ಬಾಳಿನಲ್ಲಿ ಹೆಂಡತಿ ಮಗಳಿಗೆ ಅಂತ ತಂದುಕೊಟ್ಟದ್ದು ಆ ಸಂಜೆಗಳು ಮಾತ್ರ. ಅವೂ ಸುಳ್ಳು ಅಂತಾದರೆ ಕೊಟ್ಟದ್ದಾದರೂ ಏನು?

ಹೊರಟ ದಿನ ಮಗಳ ಪಕ್ಕ ಕೂತು, ತಿರುವು ಬಂದಾಗೆಲ್ಲ ಇಲ್ಲದ ಬ್ರೇಕು ಒತ್ತುತ್ತಾ ಹೋದರು. ಕಲ್ಲು ಬಾವಿ ನಿಜಕ್ಕೂ ಇತ್ತು. ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕಿಳಿದು, ತಳದಲ್ಲಿ ಹಸಿರು ನೀರು, ಗೂಡುಗಳಲ್ಲಿ ಪಾರಿವಾಳ. ನಿಧಾನಪ್ಪನವರು ಕಟ್ಟೆ ಹಿಡಿದು ಬಗ್ಗಿದವರು ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಇದರ ಹತ್ತಿರವೇ ಎಷ್ಟು ಸಲ ಗೊರಕೆ ಹೊಡೆದಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

"ನೋಡಿದ್ದು ತಾನೇ ಅಪ್ಪಾ?" ಮಗಳು ಕೇಳಿದಳು.

"ಆಗ ನೀರಿರಲಿಲ್ಲ" ಅಂದುಬಿಟ್ಟರು.

ಮರುದಿನ ಅರಮನೆಯ ಬಾಗಿಲಲ್ಲಿ ಹಳೆಯ ಅಭ್ಯಾಸವೇ ಬಾಯಿಗೆ ಬಂತು. "ನೀವು ಹೋಗಿ ಬನ್ನಿ. ನಾನು ಗಾಡಿ ನೋಡ್ಕೋತೀನಿ."

"ಗಾಡಿ ಎಲ್ಲೂ ಓಡಿಹೋಗಲ್ಲ, ಬನ್ರೀ" ಎಂದು ಹೆಂಡತಿ ತೋಳು ಹಿಡಿದು ಎಳೆದುಕೊಂಡು ಹೋದರು.

ಒಳಗೆ ಮೊಣಕಾಲುದ್ದ ಹುಲ್ಲು, ಅದರ ನಡುವೆ ಮೊಣಕಾಲುದ್ದ ತಳಪಾಯ. ಆಳೆತ್ತರ ಉಳಿದದ್ದು ಒಂದೇ ಗೋಡೆ. ಅದಕ್ಕೆ ಬಾಗೂ ಇಲ್ಲ, ಬಳುಕೂ ಇಲ್ಲ, ಅಳತೆಪಟ್ಟಿಯ ಹಾಗೆ ನೆಟ್ಟಗಿತ್ತು. ಹೆಂಡತಿ ಗೋಡೆಯ ಒಂದು ತುದಿಗೆ ಹೋಗಿ, ಸೆರಗು ಸರಿಸಿ ಕಿವಿ ಇಟ್ಟರು.

"ಹೋಗ್ರೀ ಆ ತುದಿಗೆ. ಏನಾದ್ರೂ ಹೇಳಿ."

ಹೋದರು. ಬಿಸಿ ಕಲ್ಲಿನ ಹತ್ತಿರ ಬಾಯಿ ತಂದರು. ಗೋಡೆಗಾದ್ರೆ ಯಾರು ಬೇಕಾದ್ರೂ ಹೇಳಬಹುದು, ತಾವೇ ಆಡಿದ ಮಾತು. "ನಾನು ಒಳಗೆ ಬಂದೇ ಇರಲಿಲ್ಲ ಕಣೆ. ಯಾವ ಕೋಟೆಗೂ ಹೋಗಿಲ್ಲ, ಯಾವ ಅರಮನೆಗೂ ಹೋಗಿಲ್ಲ. ಎಲ್ಲಾ ಕಟ್ಟಿ ಹೇಳಿದ್ದು. ತಪ್ಪಾಯ್ತು."

"ಏನೂ ಕೇಳಿಸ್ತಿಲ್ಲ! ಗಟ್ಟಿಯಾಗಿ ಹೇಳಿ!" ಆ ತುದಿಯಿಂದ ಹೆಂಡತಿ ಕೂಗಿದರು.

ಎಲ್ಲ ಕೇಳಿಸಿದ್ದು ನಡುವೆ ನಿಂತ ಮಗಳಿಗೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಅಪ್ಪ ಒಳಗೆ ಬಂದೇ ಇರಲಿಲ್ಲವಂತೆ! ಎಲ್ಲಾ ಕಥೆಯಂತೆ!"

"ಅಯ್ಯೋ, ಅದಾ! ನಾನೇನೋ ಹೊಸಾದು ಹೇಳ್ತಾರೆ ಅಂದ್ಕೊಂಡೆ." ಹೆಂಡತಿ ಹುಲ್ಲು ತುಳಿದುಕೊಂಡು ಬಂದರು. "ನಿಮ್ಮ ಬಟ್ಟೆ ಒಗೆದವಳು ನಾನಲ್ವೇನ್ರೀ? ಒಂದ್ಸಲ ಪಕ್ಕದ ಮನೆಯವರು ನಿಮ್ಮ ಬಸ್ಸಲ್ಲೇ ಇಲ್ಲಿಗೆ ಹೋಗಿ ಬಂದ್ರು, ಅವರ ಬಟ್ಟೆ ತುಂಬಾ ಹುಲ್ಲಿನ ಮುಳ್ಳು. ನಿಮ್ಮ ಪ್ಯಾಂಟಲ್ಲಿ ಒಂದೂ ಇಲ್ಲ. ಬೆನ್ನಲ್ಲಿ ಮಾತ್ರ ಸೀಟಿನ ಸುಕ್ಕು."

"ಗೊತ್ತಿದ್ದೂ ಗೊತ್ತಿದ್ದೂ ಕೇಳ್ತಾ ನಿಂತಿರ್ತಿದ್ಯಲ್ಲೇ?"

"ಕೋಟೆ ಯಾರಿಗೆ ಬೇಕಾಗಿತ್ತು? ಹೇಳೋರು ಮನೆಗೆ ಬಂದಿರ್ತಿದ್ರಲ್ಲ." ಆಕೆ ಗೋಡೆಯ ಕಡೆ ತಿರುಗಿದರು. "ಆದ್ರೂ ಒಂದ್ಮಾತು. ನೀವು ಕಟ್ಟಿದ್ದೇ ಇದಕ್ಕಿಂತ ಚೆನ್ನಾಗಿತ್ತು."

ಆಮೇಲೆ ಮೂವರೂ ಹುಲ್ಲಿನಲ್ಲಿ ಮೂಲೆ ಮೂಲೆ ತಿರುಗಿದರು. ಎಲ್ಲಿ ಏನಿತ್ತು ಎಂದು ನಿಧಾನಪ್ಪನವರು ಕೈ ಮಾಡಿ ತೋರಿಸುತ್ತಲೇ ಹೋದರು, ತಾಯಿ ಮಗಳು ತಲೆ ಆಡಿಸುತ್ತಲೇ ಹೋದರು.

ಊರಿಗೆ ಬಂದ ಬೆಳಿಗ್ಗೆ, ಒಗೆಯುವ ಕಲ್ಲಿನ ಪಕ್ಕ ಹೆಂಡತಿ ನಿಧಾನಪ್ಪನವರ ಪ್ಯಾಂಟನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದರು. ಅಂಚಿನಿಂದ ಮಂಡಿಯವರೆಗೆ ಹುಲ್ಲಿನ ಮುಳ್ಳು.

"ಕಾಲು ಇಡೋಕೆ ಜಾಗ ನೋಡೋದಲ್ವಾ? ಒಂದೊಂದೇ ಕೀಳ್ಬೇಕು ಈಗ."

"ಕೊಡಿಲ್ಲಿ" ಎಂದು ನಿಧಾನಪ್ಪನವರು ಮಣೆ ಎಳೆದುಕೊಂಡು ಎದುರಿಗೆ ಕೂತು, ಪ್ಯಾಂಟಿನ ಇನ್ನೊಂದು ಕಾಲನ್ನು ತಮ್ಮ ತೊಡೆಯ ಮೇಲೆ ಹಾಕಿಕೊಂಡರು. ಬಕೆಟ್ಟಿಗೆ ನೀರು ಬಿಟ್ಟು, ಇಬ್ಬರೂ ಮುಳ್ಳು ಕೀಳತೊಡಗಿದರು.