ಎಳೆ ಸೇರಿಸುವ ಉಗುಳು

ಮೊದಲು ದಪ್ಪ ಬಾಗಿಲು ಧಡ್ ಎಂದು ಮುಚ್ಚುವ ಸದ್ದು. ಆಮೇಲೆ ತಲೆಯ ಮೇಲೆಲ್ಲೋ ಖಟಕ್. ಅದರ ಹಿಂದೆಯೇ, ಜೇನುಗೂಡಿಗೆ ಕಿವಿಯಿಟ್ಟ ಹಾಗೆ, ಒಂದೇ ಸಮ ಗುಂಯ್... ತೊಂಬತ್ತರ ದಶಕದ ಕೊನೆ ಅದು. ಚಳ್ಳಕೆರೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದ ನನಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ದೂರದ ಊರಿನ ಆಸ್ಪತ್ರೆಯಲ್ಲಿ, ಕೆನ್ನೆ ಕುತ್ತಿಗೆಗೆ ನೇರಳೆ ಇಂಕಿನ ಗೆರೆ ಎಳೆಸಿಕೊಂಡು, ಆರು ವಾರ ರೇಡಿಯೇಷನ್ ಮೆಷಿನ್ನಿನ ಆ ಸದ್ದಿನ ಕೆಳಗೆ ಅಲುಗದೆ ಮಲಗಿದೆ.

ನನ್ನ ನಂತರದ ಸರದಿ ಮೊಳಕಾಲ್ಮೂರಿನ ಒಬ್ಬ ಹೆಂಗಸಿನದು. ಅವಳಿಗೆ ಎಡಗೆನ್ನೆಯ ಒಳಗೆ. ರೇಷ್ಮೆ ಸೀರೆ ನೇಯುವ ಮನೆಗಳಿಗೆ ಹೋಗಿ, ಮಗ್ಗದಲ್ಲಿ ಮುಗಿದ ಹಾಸಿನ, ಅಂದರೆ ಉದ್ದದ ಎಳೆಗಳ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದು ಅವಳ ಕೆಲಸ. ಸಾವಿರಾರು ಎಳೆ. ಪ್ರತಿ ಎಳೆಗೂ ಬೆರಳನ್ನು ನಾಲಿಗೆಗೆ ತಾಗಿಸಬೇಕು.

"ಉಗುಳು ಹಚ್ಚಿ ಸೀರೆ ಮಾಡ್ತೀರಾ!" ಅಂತ ಮುಖ ಕಿವುಚಿದೆ. ಉಗುಳಿನ ಮಾತೇ ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು.

"ಮದುವೇಲಿ ನೀವು ಉಟ್ಟಿದ್ದೂ ನಮ್ಮೂರ ಸೀರೇನೇ ಇರ್ಬೇಕು ತಗೀರಿ, ಟೀಚರಮ್ಮ. ದೇವುಡಾ! ನಿಮ್ಮ ಇಂಗ್ಲೀಷು ಬಾಯಿಗೂ ನನ್ನ ಹೊಗೆಸೊಪ್ಪಿನ ಬಾಯಿಗೂ ಒಂದೇ ಕರೆಂಟು!"

ಮೂರನೇ ವಾರಕ್ಕೆ ಇಬ್ಬರ ನಗುವೂ ನಿಂತಿತು. ಬಾಯೆಲ್ಲ ಹುಣ್ಣು, ತೆಳ್ಳನೆಯ ಅಂಬಲಿಯೂ ಗಾಜಿನ ಚೂರಿನ ಹಾಗೆ ಇಳಿಯುತ್ತಿತ್ತು. ಟ್ರೀಟ್‌ಮೆಂಟ್ ಮುಗಿದು ಹುಣ್ಣು ಮಾಗಿತು, ಉಗುಳು ಮಾತ್ರ ಬತ್ತಿಹೋಯಿತು. ನೀರಿನ ಬಾಟಲಿ ಇಲ್ಲದೆ ನಾಲ್ಕು ಮಾತು ಆಡಲಾರೆ. ಚಳ್ಳಕೆರೆಗೆ ಮರಳಿದರೆ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾದ ಘಮ ಬರುತ್ತಿತ್ತು. ಬಾಯಿಗೆ ಹಾಕಿದರೆ ಬರೀ ಮರದ ಹೊಟ್ಟು.

ಚೆಕಪ್ಪಿಗೆ ಇಬ್ಬರೂ ಒಂದೇ ದಿನ ಹೋಗುತ್ತಿದ್ದೆವು. ಅವಳದು ಒಂದೇ ಪ್ರಶ್ನೆ.

"ನಿಮಗೆ ಉಗುಳು ಬಂತಾ, ಟೀಚರಮ್ಮ?"

"ಇಲ್ಲ ಕಣಮ್ಮ. ನೀರು ಮುಟ್ಟಿಸಿ ಸೇರಿಸೋಕಾಗಲ್ವಾ?"

"ನೀರಿಗೆ ಅಂಟು ಎಲ್ಲೈತೆ? ಬಿಚ್ಕೊಂತೈತೆ. ಈಗ ಯಾರೂ ಕೆಲಸಕ್ಕೆ ಕರೀತಿಲ್ಲ."

ಇನ್ನೊಂದು ಸಲ ಅವಳ ಬೆರಳಲ್ಲಿ ಹೊಗೆಸೊಪ್ಪಿನ ವಾಸನೆ. ಅದನ್ನು ಮುಟ್ಟಲೇಬಾರದು ಎಂದಿದ್ದರು ಡಾಕ್ಟರು. ಕೈ ಹಿಡಿದು ಕೇಳಿದೆ.

"ಚೂರೇ ಚೂರು. ಅದನ್ನ ಇಟ್ಕೊಂಡ್ರೇನೇ ಬಾಯಿ ಒಸರೋದು. ಕೆಲಸದ ದಿನ ಮಾತ್ರ. ಡಾಕ್ಟರಿಗೆ ಹೇಳ್ಬ್ಯಾಡ್ರಿ."

ಹೇಳಲ್ಲ ಎಂದು ಮಾತು ಕೊಟ್ಟೆ, ಹೇಳಲಿಲ್ಲ. ಪ್ರಾಮಿಸ್ ಅಂದರೆ ಪ್ರಾಮಿಸ್ ಎಂದು ಕಲಿತವಳು ನಾನು. ಹೌ ಫೂಲಿಶ್.

ಮುಂದಿನ ಚೆಕಪ್ಪಿಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ. ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಮಗ್ಗದ ಮನೆಯೊಂದರಲ್ಲಿ ಕೂತು ಎಳೆ ಹೊಸೆಯುತ್ತಿದ್ದಳು. ಬೆರಳು ತುಟಿಗೆ, ತುಟಿಯಿಂದ ಎಳೆಗೆ. ಎಡಗೆನ್ನೆ ಹೊಗೆಸೊಪ್ಪು ತುಂಬಿಕೊಂಡ ಹಾಗೆ ಉಬ್ಬಿತ್ತು. ನನಗೆ ತಡೆಯಲಾರದ ಸಿಟ್ಟು ಬಂತು.

"ಉಗಿ ಅದನ್ನ! ಈಗಲೇ ಉಗಿ!"

ಅವಳು ಬಾಯಿ ತೆರೆಯಲು ನೋಡಿದಳು. ಒಂದು ಬೆರಳಗಲವೂ ತೆರೆಯಲಿಲ್ಲ. ನನ್ನ ಕೈ ಹಿಡಿದು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು. ಕಲ್ಲಿನ ಹಾಗೆ ಗಟ್ಟಿ ಗಡ್ಡೆ.

"ಉಗಿಯೋಕೆ ಒಳಗೆ ಏನೂ ಇಲ್ಲ, ಟೀಚರಮ್ಮ," ಅಂದಳು. ನನ್ನ ಬಾಯಿಯನ್ನೇ ನೋಡುತ್ತ, "ನಿಮಗೆ ಬಂತಾ?"

ಬಂದಿತ್ತು, ಆ ವಾರವಷ್ಟೇ, ಸ್ವಲ್ಪ. ಇಲ್ಲವೆಂದು ತಲೆಯಾಡಿಸಿದೆ. ಅವಳು ಮತ್ತೆ ಎಳೆಗಳ ಕಡೆ ತಿರುಗಿದಳು. ಅವಳನ್ನು ನಾನು ನೋಡಿದ್ದು ಅದೇ ಕೊನೆ.