ಕೊಡ ತುಂಬುವಷ್ಟು ಹೊತ್ತು

ಇವತ್ತು ರೈಲಿನಲ್ಲಿ ಎದುರು ಕೂತಿದ್ದ ಅಜ್ಜಿ ಶೇಂಗಾ ಚಟ್ನಿಯ ಡಬ್ಬಿ ತೆರೆದಳು. ಆ ವಾಸನೆಗೆ ಅವ್ವ ನೆನಪಾದಳು.

ಚಳ್ಳಕೆರೆ, ಮೊಳಕಾಲ್ಮೂರು ನಡುವಿನ ನಮ್ಮೂರಿಗೂ ಒಂದು ರೈಲು ನಿಲ್ದಾಣವಿತ್ತು. ಒಂದು ಕೋಣೆ, ಒಂದು ಬೇವಿನಮರ, ಒಂದು ಸಿಹಿನೀರಿನ ನಲ್ಲಿ, ಅಷ್ಟೇ. ಅಕ್ಕ ತಾನು ಮೆಚ್ಚಿದವನನ್ನು ಮದುವೆಯಾಗಿ ರಾಯದುರ್ಗ ಸೇರಿದ ಮೇಲೆ ಅಪ್ಪ ಮನೆಯಲ್ಲಿ ಅವಳ ಹೆಸರೆತ್ತಲು ಬಿಡುತ್ತಿರಲಿಲ್ಲ. ಆದರೆ ಅವಳು ವಾರಕ್ಕೊಮ್ಮೆ ನಮ್ಮೂರ ಮೇಲೆ ಹಾಯುವ ರೈಲಿನಲ್ಲಿ ಚಳ್ಳಕೆರೆ ಸಂತೆಗೆ ಹೋಗುತ್ತಿದ್ದಳು. ಆ ದಿನ ಅವ್ವ, "ನೀರಿಗೆ ಹೋಗ್ಬರ್ತೀನಿ" ಎಂದು ಕೊಡ ಹಿಡಿದು ನನ್ನನ್ನೂ ಕರೆದುಕೊಂಡು ಹೊರಡುತ್ತಿದ್ದಳು. ಖಾಲಿ ಕೊಡದೊಳಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಇರುತ್ತಿತ್ತು. ಕೊಡ ತುಂಬುವಷ್ಟು ಹೊತ್ತೂ ರೈಲು ನಿಲ್ಲುತ್ತಿರಲಿಲ್ಲ. ಗಂಟನ್ನು ಕಿಟಕಿಗೆ ತುರುಕಿ, "ಯಾಕೇ ಹಿಂಗ್ ಸೊರಗೀಯಾ?" ಎಂದು ಅವ್ವ ಕೇಳುವಷ್ಟರಲ್ಲಿ ಹೊರಟೇಬಿಡುತ್ತಿತ್ತು.

ಆಮೇಲೆ ಅಗಲ ಹಳಿ ಹಾಕಲು ರೈಲಿನ ಓಡಾಟವನ್ನೇ ನಿಲ್ಲಿಸಿದರು. ಅವ್ವ ಕೆಲಸ ಮುಗಿಯುವುದನ್ನೇ ಕಾದಳು. ಮುಗಿದಾಗ, ಹೊಸ ರೈಲಿಗೆ ನಮ್ಮೂರಲ್ಲಿ ನಿಲುಗಡೆಯೇ ಇಲ್ಲವೆಂದರು.

ಅದರ ಮುಂದಿನ ಸಂತೆಯ ದಿನ ಅವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಕುರಿ ಹೊಡೆದುಕೊಂಡು ಹೊರಟಿದ್ದ ಅಪ್ಪ ಬಾಗಿಲಲ್ಲಿ ನಿಂತ. ಅವಳ ಮುಖ ನೋಡದೆ ಕೇಳಿದ:

"ಇವತ್ತು ಸಂತೆ ಐತೆ. ನೀರಿಗೆ ಹೋಗಲ್ವೇನೇ?"

"ರೈಲು ನಿಲ್ಲಲ್ವಂತೆ" ಎಂದಳು ಅವ್ವ.

ಅಪ್ಪನಿಗೆ ಎಲ್ಲ ಗೊತ್ತಿತ್ತು. ಆದರೂ ಮಗಳನ್ನು ಮನೆಗೆ ಕರೆ ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ.

ಈಗ ನಾನು ಕೂತ ರೈಲಿನ ಕಿಟಕಿಯಾಚೆ ಆ ನಲ್ಲಿ ಕಂಡಿತು. ಅಜ್ಜಿ "ತಗೊಳ್ಳವ್ವ" ಎಂದು ರೊಟ್ಟಿ ಚಾಚುವಷ್ಟರಲ್ಲಿ ನಮ್ಮೂರು ದಾಟಿಹೋಗಿತ್ತು.