ಗೆರೆಯಕ್ಕನ ಎಂಟು

ಸಿನಿಮಾದಲ್ಲಿ ಹೀರೋ ಬರುವಾಗ ಹೊಗೆ ಬಿಡುತ್ತಾರೆ. ಇಲ್ಲಿ ಸುಣ್ಣದ ಪುಡಿ ಹಾರುತ್ತದೆ, ಅಷ್ಟೇ ವ್ಯತ್ಯಾಸ. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ತೂತು ಡಬ್ಬಿ ಹಿಡಿದ ಹೆಂಗಸೊಬ್ಬರು ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ಅವರು ನಡೆದಲ್ಲೆಲ್ಲ ಬಿಳಿ ಗೆರೆ ಸುತ್ತಿ ಸುತ್ತಿ ದೊಡ್ಡದೊಂದು ಇಂಗ್ಲಿಷ್ ಎಂಟಾಗುತ್ತದೆ. ಬೈಕಿನಲ್ಲಿ ಕಾಲು ಊರದೆ ಇದನ್ನು ಸುತ್ತಿದರೆ ಲೈಸೆನ್ಸ್, ಇಲ್ಲವೇ ಬಂದ ದಾರಿಗೆ ಸುಂಕವಿಲ್ಲ.

ಇಲ್ಲಿ ಎಲ್ಲರಿಗೂ ಇವರು ಗೆರೆಯಕ್ಕ. ಗೆರೆ ಹಾಕುವುದಷ್ಟೇ ಅಲ್ಲ, ಪರೀಕ್ಷೆಗೆ ಮುಂಚೆ ಕುಡಿದಿದ್ದಾರೋ ಎಂದು ನೋಡಲು ಊದಿಸುವ ಮೆಷಿನ್ನಿಗೆ ಹೊಸ ಕೊಳವೆ ಸಿಕ್ಕಿಸಿ ಬಾಯಿಗೆ ಹಿಡಿಯುವುದೂ ಇವರದೇ ಕೆಲಸ. ದಿನಕ್ಕೆ ನಲವತ್ತು ಐವತ್ತು ಬಾಯಿ.

"ಅಕ್ಕಾ, ಗೆರೆ ಒಂಚೂರು ಅಗಲ ಹಾಕ್ಬಾರ್ದಾ?" ಸಾಲಿನಲ್ಲಿ ಮೊದಲು ನಿಂತ ಹುಡುಗ ಹಲ್ಲು ಕಿರಿಯುತ್ತಾನೆ.

"ಹಾಕ್ತೀನಪ್ಪಾ. ಎದುರಿಗೆ ಬರೋ ಲಾರಿಗೂ ಹೇಳ್ಬಿಡು, ಒಂಚೂರು ಸಣ್ಣಗೆ ಬಾ ಅಂತ."

ಸಾಲು ಗೊಳ್ಳೆನ್ನುತ್ತದೆ. ಗೆರೆಯಕ್ಕ ನಗುವುದಿಲ್ಲ, ಒಬ್ಬೊಬ್ಬರ ಕಾಲನ್ನೇ ನೋಡುತ್ತ ಸಾಲಿನ ಕೊನೆಯವರೆಗೂ ಹೋಗಿ ಬರುತ್ತಾರೆ. ಯಾಕೆಂದು ಆಮೇಲೆ ಗೊತ್ತಾಗುತ್ತದೆ.

ಅವರ ಗಂಡ ನಲ್ಲಿ ರಿಪೇರಿ ಮಾಡುತ್ತಿದ್ದವರು. ಕೆಲಸ ಮುಗಿಸಿ ರಸ್ತೆಯ ಅಂಚಿನಲ್ಲಿ ನಡೆದು ಬರುವಾಗ ಕಾರೊಂದು ಗುದ್ದಿತು. ಓಡಿಸುತ್ತಿದ್ದವನು ಕುಡಿದಿದ್ದ. "ಲೈಸೆನ್ಸ್ ಇತ್ತು ಅವನತ್ರ. ಆಗೆಲ್ಲ ಮನೇಲಿ ಕೂತೋರಿಗೂ ಸಿಗೋದಲ್ವಾ? ಈ ಮೈದಾನ ಎಲ್ಲಿದೆ ಅಂತಾನೇ ಅವನು ನೋಡಿರ್ಲಿಲ್ಲ," ಎನ್ನುತ್ತಾರೆ, ಡಬ್ಬಿಗೆ ಸುಣ್ಣ ತುಂಬುತ್ತ.

ಈಗ ಕಾನೂನು ಬಿಗಿಯಾಗಿದೆ. ಎಲ್ಲರೂ ಊದಲೇಬೇಕು, ಎಲ್ಲರೂ ಎಂಟು ಸುತ್ತಲೇಬೇಕು. ಮೈದಾನದ ಇನ್ಸ್‌ಪೆಕ್ಟರ್ ಮಾತು ತೂಗಿ ಆಡುವ ಮನುಷ್ಯ: "ಮೊದ್ಲು ಹೆದ್ದಾರೀಲಿ ವಾರ ವಾರ ಒಂದು ಹೆಣ ಬೀಳೋದು. ಈಗ ತಿಂಗಳು ಕಳೆದ್ರೂ ಸುದ್ದಿ ಇರಲ್ಲ. ಎಲ್ಲಾ ನಮ್ಮಿಂದ್ಲೇ ಅನ್ನಲ್ಲ, ಪೊಲೀಸ್ರು ರಸ್ತೇಲಿ ನಿಂತು ಊದಿಸ್ತಾರೆ, ಅದೂ ಇದೆ. ಆದ್ರೆ ಈಯಮ್ಮನ ಗೆರೆ ಅಂದ್ರೆ ಗೆರೆ."

ಆ ಗೆರೆ ಒಂದು ದಿನ ಅವರ ಮನೆಯೊಳಗೇ ಹಾದುಹೋಯಿತು.

ಅವರೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಬೇಕರಿಯಲ್ಲಿ ಬೈಕಿನ ಮೇಲೆ ಬ್ರೆಡ್ ಹಂಚುವ ಕೆಲಸ ಗಟ್ಟಿಯಾಗಿತ್ತು, ಲೈಸೆನ್ಸ್ ಒಂದೇ ಬಾಕಿ. ಪರೀಕ್ಷೆಯ ಬೆಳಿಗ್ಗೆ ಸಾಲಿನಲ್ಲಿ ಬಂದು ನಿಂತ. ಅಕ್ಕ ಕೊಳವೆ ಹಿಡಿಯುವ ಮೊದಲೇ ವಾಸನೆ ಬಂತು.

"ರಾತ್ರಿ ಕುಡಿದಿದ್ದು ಕಣಕ್ಕಾ. ಮಲ್ಕೊಂಡ್ ಎದ್ದಿದೀನಿ, ಎಲ್ಲಾ ಇಳಿದೋಗಿದೆ. ಬೇಕಾದ್ರೆ ನೀನೇ ಊದ್ಬಿಡು, ಯಾರು ನೋಡ್ತಾರೆ?"

"ನಿದ್ದೆ ಮಾಡಿದ್ದು ನೀನು ಕಣೋ, ಹೊಟ್ಟೇಲಿರೋದು ಮಲಗಿಲ್ಲ. ಊದು."

ಮೆಷಿನ್ ಕೂಗಿತು. ಕೆಲಸ ಇನ್ನೊಬ್ಬನ ಪಾಲಾಯಿತು. ತಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಗೆಳೆಯನ ರೂಮಿಗೆ ಹೋದ. ಹೋಗುವಾಗ ಡೈಲಾಗ್ ಬೇರೆ: "ಭಾವ ಸತ್ತಿದ್ದಕ್ಕೆ ನನ್ ಮೇಲೆ ಸೇಡು ತೀರಿಸ್ಕೊಂಡೆ."

ಆವತ್ತಿಂದ ಮಾತಿಲ್ಲ.

"ಹೆಲ್ಮೆಟ್ ಹಾಕ್ಕೊಂಡ್ರೆ ಎಲ್ಲಾ ಒಂದೇ ಥರ ಕಾಣ್ತಾರೆ. ಅವನು ನಿಂತ್ರೆ ಎಡಗಾಲು ಮುಂದಿರತ್ತೆ, ಚಿಕ್ಕೋನಿದ್ದಾಗಿಂದ. ಅದಕ್ಕೇ ಕಾಲು ನೋಡೋದು," ಎನ್ನುತ್ತಾರೆ ಗೆರೆಯಕ್ಕ.

ತಮ್ಮ ಮತ್ತೆ ಪರೀಕ್ಷೆಗೆ ಬಂದರೆ ಗೆರೆ ಸ್ವಲ್ಪ ಸಡಿಲಿಸುತ್ತೀರಾ ಎಂದು ಕೆಣಕಿದರೆ ದುರುಗುಟ್ಟುತ್ತಾರೆ. "ಅವನಿಗೇ ಇನ್ನೂ ನೆಟ್ಟಗೆ ಹಾಕ್ತೀನಿ. ಬರ್ಲಿ, ಊದ್ಲಿ, ಫೇಲಾದ್ರೂ ಆಗ್ಲಿ. ಬೈಯೋಕಾದ್ರೂ ಒಂದ್ಸಲ ಬರ್ಲಿ ಅಂತ."

ಬಿಸಿಲು ಏರುತ್ತದೆ. ಚಕ್ರಗಳು ಉಜ್ಜಿ ಉಜ್ಜಿ ಎಂಟು ಅಳಿಸಿಹೋಗಿದೆ. ನಾಳೆ ಮತ್ತೆ ಬರೆಯಬೇಕು. ಗೆರೆಯಕ್ಕ ಸುಣ್ಣದ ಕೈ ಒರೆಸಿಕೊಂಡು ತಮ್ಮನಿಗೆ ಫೋನ್ ಹಚ್ಚುತ್ತಾರೆ. ಇದು ದಿನದ ಕೊನೆಯ ಕೆಲಸ. ರಿಂಗಾಗುತ್ತದೆ, ಇನ್ನೊಮ್ಮೆ ರಿಂಗಾಗುತ್ತದೆ. ಆಚೆಯಿಂದ ಪಟ್ಟನೆ ಕಟ್.

ಅವರ ಮುಖ ಅರಳುತ್ತದೆ.

"ಕಟ್ ಮಾಡ್ದ ನೋಡಿ," ಎನ್ನುತ್ತಾರೆ. "ಚೆನ್ನಾಗಿದಾನೆ."